ಗಣಕಯಂತ್ರದ ಸುಪ್ರಭಾತ

ಗಾಢನಿದ್ರೆಯಿಂದ ಎಚ್ಚತ್ತ ಮನುಷ್ಯನಿಗೆ ತಾನು ಯಾರು, ಎಲ್ಲಿರುವೆನು, ಇದು ಬೆಳಗೋ ಬೈಗೋ ಎಂಬುದು ಹೊಳೆಯಲು ಒಂದೆರಡು ಕ್ಷಣ ಹಿಡಿಯುತ್ತದೆ. ಮೊದಲು ಮೈ ಎಚ್ಚರಗೊಳ್ಳುತ್ತದೆ, ಆಮೇಲೆ ನೆನಪು, ನೆನಪಿನ ಬೆನ್ನಿಗೆ ಹೆಸರು, ಹೆಸರಿನ ಬೆನ್ನಿಗೆ ಆ ದಿನದ ಕೆಲಸಗಳ ಸಾಲು. ಈ ಕ್ರಮವನ್ನು ನಾವಾರೂ ಗಮನಿಸುವುದಿಲ್ಲ, ಏಕೆಂದರೆ ಅದು ದಿನಾಲು ತಪ್ಪದೆ ನಡೆಯುತ್ತದೆ. ತಪ್ಪಿದ ದಿನವೇ ವೈದ್ಯನ ಬಾಗಿಲು ತಟ್ಟುವ ದಿನ. ಗಣಕಯಂತ್ರದ ಸಂಗತಿಯೂ ಹೀಗೆಯೇ. ಗುಂಡಿಯನ್ನು ಒತ್ತಿದೆವು, ತೆರೆ ಬೆಳಗಿತು, ಕೆಲಸಕ್ಕೆ ಕುಳಿತೆವು. ನಡುವಣ ಅರ್ಧ ನಿಮಿಷದಲ್ಲಿ ಅದರ ಒಡಲೊಳಗೆ ಏನೇನು ನಡೆಯಿತೆಂದು ಕೇಳಿದವರಾರು? ಹಳೆಯ ಡಿಸ್ಕನ್ನು ತೆಗೆದು ಹೊಸದನ್ನು ಕೂಡಿಸಿದ ದಿನ ಯಂತ್ರವು ಏಳಲೊಲ್ಲದೆ, ಕಪ್ಪು ತೆರೆಯ ಮೇಲೆ ‘ಎಬ್ಬಿಸತಕ್ಕ ಸಾಧನ ಯಾವುದೂ ಸಿಗಲಿಲ್ಲ’ ಎಂಬರ್ಥದ ಒಂದೇ ಸಾಲನ್ನು ಬರೆದು ಸುಮ್ಮನಾದಾಗ ಮಾತ್ರ ಆ ಅರ್ಧ ನಿಮಿಷದ ಬೆಲೆ ತಿಳಿಯುತ್ತದೆ.

ಈ ಅನುಭವ ಈಚೆಗೆ ನಮ್ಮ ನಾಡಿನಲ್ಲಿ ಅಪರೂಪವಾಗಿ ಉಳಿದಿಲ್ಲ. ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ಅದರ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಶಾಲೆ, ಕಾಲೇಜು, ಗ್ರಂಥಾಲಯ, ಮನೆಗಳಲ್ಲಿರುವ ಹತ್ತು ಹನ್ನೆರಡು ವರುಷಗಳ ಹಿಂದಿನ ಯಂತ್ರಗಳನ್ನು ಎಸೆಯಲು ಮನಸ್ಸು ಬಾರದು; ಹೊಸದನ್ನು ಕೊಳ್ಳಲು ಕೈ ಸಾಲದು. ತಿರುಗುವ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಹಾಕಿದರೆ ಮುದಿ ಯಂತ್ರಕ್ಕೂ ಹರೆಯ ಬರುತ್ತದೆಂಬುದು ಬಲ್ಲವರ ಮಾತು, ಮಾತು ಸುಳ್ಳಲ್ಲ. ಆದರೆ ಹರೆಯ ಬರುವ ಮೊದಲು ಒಮ್ಮೆ ಜೀವ ಹೋದಂತಾಗುವುದೂ ಉಂಟು.

ಖಾನಾಪುರ ತಾಲೂಕಿನ ನಿವೃತ್ತ ಶಿಕ್ಷಕರೊಬ್ಬರು ನನಗೆ ಬಹುಕಾಲದ ಪರಿಚಿತರು. ಆ ತಾಲೂಕನ್ನು ಕಂಡವರಿಗೆ ಅಲ್ಲಿಯ ಮಾತಿನ ಸಿರಿಯನ್ನು ವರ್ಣಿಸಬೇಕಾದುದಿಲ್ಲ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಮಲೆಯ ಅಂಚಿನಲ್ಲಿ ಭತ್ತದ ಗದ್ದೆಗಳು. ಊರಿನ ಮಣ್ಣು ಗಡಿಗೆಗೂ ಹಂಚಿಗೂ ಹೆಸರಾದ ಮಣ್ಣು. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತವೆ. ಈ ಗುರುಗಳು ಹದಿನಾಲ್ಕು ವರುಷ ಊರೂರು ತಿರುಗಿ ಕುಂಬಾರರ ಬಾಯಿಂದ, ಒಕ್ಕಲಿಗರ ಬಾಯಿಂದ, ಬೀಸುವ ಪದ ಹಾಡುವ ಅಜ್ಜಿಯರ ಬಾಯಿಂದ ಮಾತುಗಳನ್ನು ಕೂಡಿಸಿದರು. ತಿಗರಿಯ ಒಂದೊಂದು ಭಾಗಕ್ಕೆ, ಭತ್ತದ ಪೈರಿನ ಒಂದೊಂದು ಹಂತಕ್ಕೆ, ಮಳೆಯ ಒಂದೊಂದು ಬಗೆಗೆ ಮೂರು ನುಡಿಗಳಲ್ಲಿ ಇರುವ ಹೆಸರುಗಳನ್ನು ಅಕ್ಕಪಕ್ಕದಲ್ಲಿ ಬರೆದರು. ಬರೆದುದೆಲ್ಲವೂ ಒಂದು ಹಳೆಯ ಗಣಕಯಂತ್ರದಲ್ಲಿ, ನುಡಿ ತಂತ್ರಾಂಶದಲ್ಲಿ. ಹೇಳಿದ ಅಜ್ಜಿಯರಲ್ಲಿ ಅನೇಕರು ಈಗ ಇಲ್ಲ. ಆದುದರಿಂದ ಆ ಯಂತ್ರವು ಏಳಲಿಲ್ಲವೆಂದರೆ ಒಂದು ಪೆಟ್ಟಿಗೆ ಕೆಟ್ಟಿತೆಂದು ಮಾತ್ರ ಅರ್ಥವಲ್ಲ. ಸತ್ತವರನ್ನು ಮತ್ತೆ ಕೇಳಲಾಗದು ಎಂದೂ ಅರ್ಥ.

ಗುರುಗಳ ಅಣ್ಣನ ಮಗ ಕೈಚಳಕವುಳ್ಳ ಹುಡುಗ. ಹಳೆಯ ಡಿಸ್ಕಿನಲ್ಲಿದ್ದುದನ್ನು ಹೊಸ ಎಸ್‌ಎಸ್‌ಡಿಗೆ ನಕಲು ಮಾಡಿದ, ಅದನ್ನು ಯಂತ್ರಕ್ಕೆ ಕೂಡಿಸಿದ, ಗುಂಡಿ ಒತ್ತಿದ. ಯಂತ್ರ ಏಳಲಿಲ್ಲ. ನೆರೆಹೊರೆಯ ಸಲಹೆಗಳಿಗೇನು ಕೊರತೆ? ‘ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ರಿ’ ಎಂದವರೊಬ್ಬರು. ‘ಮದರ್‌ಬೋರ್ಡೇ ಹೋಗೇತಿ’ ಎಂದವರು ಇನ್ನೊಬ್ಬರು. ಹಳೆಯ ಡಿಸ್ಕನ್ನು ಬರಿದುಮಾಡಿ ಬೇರೆ ಕೆಲಸಕ್ಕೆ ಬಳಸಬೇಕೆಂಬ ಎಣಿಕೆಯೂ ಹುಡುಗನಿಗಿತ್ತು; ಪುಣ್ಯವಶಾತ್ ಅದಿನ್ನೂ ಕೈಗೂಡಿರಲಿಲ್ಲ. ಗುರುಗಳು ಯಂತ್ರವನ್ನು ಹೊತ್ತು ಬೆಳಗಾವಿಗೆ ಬಂದರು. ನಾನು ಅವರೊಡನೆ ನನಗೆ ಗೊತ್ತಿದ್ದ ಒಬ್ಬ ರಿಪೇರಿಗಾರನ ಅಂಗಡಿಗೆ ಹೋದೆ. ಆ ತರುಣ ಪೆಟ್ಟಿಗೆಯನ್ನು ತೆರೆಯುವ ಮೊದಲೇ ಕೇಳಿದ ಪ್ರಶ್ನೆ ಇದು:

‘ಮಾಸ್ತರ, ಹಳೇ ಡಿಸ್ಕ್ ಎಲ್ಲಿ ಐತ್ರಿ?’

‘ಇಲ್ಲೇ ಚೀಲದಾಗ ತಂದೇನಿ, ತಮ್ಮಾ.’

‘ಅದರ ಮ್ಯಾಲ ಏನೂ ಬರದಿಲ್ಲಲ್ಲ? ಹಂಗಾರ ಅಂಜಬ್ಯಾಡ್ರಿ. ಮದಲ ಅದನ್ನ ಬಾಜೂಕ ಇಡೂಣು.’

ಇಡೀ ಶಾಸ್ತ್ರದ ಮೊದಲ ಸೂತ್ರ ಇದೇ ಎನ್ನಬೇಕು. ಹೊಸದು ಎದ್ದು ನಿಂತು ನಾಲ್ಕು ದಿನ ನಡೆದಾಡುವವರೆಗೆ ಹಳೆಯದನ್ನು ಅಳಿಸತಕ್ಕದ್ದಲ್ಲ.

ಇನ್ನು ಯಂತ್ರವು ಏಳುವ ಬಗೆಯನ್ನು ನೋಡೋಣ. ಇದಕ್ಕೆ ಇಂಗ್ಲಿಷಿನಲ್ಲಿ ಬೂಟ್ ಎಂದು ಹೆಸರು. ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದೆಂಬ ಅಸಾಧ್ಯದ ಮಾತಿನಿಂದ ಹುಟ್ಟಿದ ಪದವದು. ಅಸಾಧ್ಯವೆನಿಸುವುದೇಕೆಂದರೆ, ಡಿಸ್ಕಿನಲ್ಲಿರುವ ಕಾರ್ಯವ್ಯವಸ್ಥೆಯನ್ನು ಓದಲು ಒಂದು ಕಾರ್ಯಕ್ರಮ ಬೇಕು. ಆ ಕಾರ್ಯಕ್ರಮವೂ ಡಿಸ್ಕಿನಲ್ಲೇ ಇದ್ದರೆ ಅದನ್ನು ಓದುವವರು ಯಾರು? ಈ ತೊಡಕನ್ನು ಬಿಡಿಸಲು ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್ಪಿನಲ್ಲಿ ಅಳಿಯದ ಹಾಗೆ ಒಂದಿಷ್ಟು ಅರಿವನ್ನು ತುಂಬಿಟ್ಟಿರುತ್ತಾರೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯೋಸ್ ಎಂದೂ ಹೊಸವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಕರೆಂಟು ಹರಿದೊಡನೆ ಎಚ್ಚರಗೊಳ್ಳುವುದು ಅದು. ಸ್ಮೃತಿ, ಕೀಲಿಮಣೆ, ತೆರೆ ನೆಟ್ಟಗಿವೆಯೇ ಎಂದು ನೋಡಿ, ಬಳಿಕ ತನಗೆ ಕೊಟ್ಟಿರುವ ಸರದಿಯ ಪಟ್ಟಿಯಂತೆ ಒಂದೊಂದೇ ಡಿಸ್ಕಿನ ಬಾಗಿಲು ತಟ್ಟುತ್ತ ಹೋಗುತ್ತದೆ.

ಹಳೆಯ ಪದ್ಧತಿಯಲ್ಲಿ ಅದು ಓದುವುದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಮಾತ್ರ. 1983ರಲ್ಲಿ ಐಬಿಎಂ ಯಂತ್ರಗಳೊಡನೆ ರೂಢಿಗೆ ಬಂದ ಈ ತುಣುಕಿಗೆ ಮಾಸ್ಟರ್ ಬೂಟ್ ರೆಕಾರ್ಡ್, ಚಿಕ್ಕದಾಗಿ ಎಂಬಿಆರ್, ಎನ್ನುತ್ತಾರೆ. ಆ 512ರಲ್ಲಿ ಮೊದಲ 446 ಬೈಟುಗಳು ಒಂದು ಕಿರಿಯ ಕಾರ್ಯಕ್ರಮಕ್ಕೆ ಮೀಸಲು; ಆಮೇಲಿನ 64 ಬೈಟುಗಳಲ್ಲಿ ಡಿಸ್ಕನ್ನು ಎಷ್ಟು ಭಾಗ ಮಾಡಿದೆ, ಯಾವ ಭಾಗದಿಂದ ಏಳಬೇಕು ಎಂಬ ಪಟ್ಟಿ; ಕೊನೆಯ ಎರಡು ಬೈಟುಗಳು ಬರಿಯ ಗುರುತು. ಆ ಗುರುತು ಸರಿಯಿದ್ದರೆ ಮಾತ್ರ ಸಾಮಾನ್ಯವಾಗಿ ಬಯೋಸು ಅದನ್ನು ನಂಬಿ ಮುಂದಿನ ಕೆಲಸವನ್ನು ಒಪ್ಪಿಸುತ್ತದೆ.

ಖಾನಾಪುರ ತಾಲೂಕಿನವರಿಗೆ ಇದನ್ನು ತಿಳಿಸಲು ದೂರದ ಉಪಮಾನ ಬೇಕಿಲ್ಲ. ಪಲಾಶಿಕೆಯೆಂದು ಶಾಸನಗಳಲ್ಲಿ ಹೆಸರಾದ ಹಲಸಿ ಅದೇ ತಾಲೂಕಿನಲ್ಲಿದೆ. ಕಾಕುಸ್ಥವರ್ಮನೇ ಮೊದಲಾದ ಕದಂಬ ಅರಸರ ತಾಮ್ರಶಾಸನಗಳು ಅಲ್ಲಿ ದೊರೆತವು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಅವುಗಳನ್ನು ಓದಿ ಪ್ರಕಟಿಸಿದನು. ತಾಮ್ರದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ಅರಸನ ಮುದ್ರೆಯನ್ನು ಒತ್ತುವುದು ಆ ಕಾಲದ ರೂಢಿ. ಶಾಸನವು ಅರಸನದೇ ಎಂಬುದಕ್ಕೆ ಆ ಮುದ್ರೆಯೇ ಗುರುತು. ಮುದ್ರೆಯಿಲ್ಲದ ಶಾಸನದಲ್ಲಿ ಎಷ್ಟು ಒಳ್ಳೆಯ ಸಂಸ್ಕೃತವಿದ್ದರೇನು? ಡಿಸ್ಕಿನ ತುಂಬ ಎಷ್ಟು ಅಮೂಲ್ಯ ಬರಹವಿದ್ದರೇನು? ಮೊದಲ ಹಲಗೆಯ ಗುರುತು ತಪ್ಪಿದರೆ ಯಂತ್ರವು ಆ ಡಿಸ್ಕಿನಿಂದ ಏಳುವುದಿಲ್ಲ. ಆದರೆ ಏಳದೆ ಹೋದ ಮಾತ್ರಕ್ಕೆ ಬರಹ ಅಳಿಯಿತೆಂದು ತಿಳಿಯಬಾರದು. ಬಾಗಿಲು ಮುಚ್ಚಿದ ಗ್ರಂಥಾಲಯದಲ್ಲಿ ಪುಸ್ತಕಗಳು ಇದ್ದೇ ಇರುತ್ತವೆ.

ಹೊಸ ಪದ್ಧತಿ ಬೇರೆ. ಇಂಟೆಲ್ ಸಂಸ್ಥೆ ಮೊದಲು ರೂಪಿಸಿದ ಕ್ರಮವನ್ನು 2005ರಲ್ಲಿ ಹಲವು ಕಂಪನಿಗಳ ಒಕ್ಕೂಟವು ಕೈಗೆತ್ತಿಕೊಂಡು ಯುಇಎಫ್‌ಐ ಎಂದು ಬೆಳೆಸಿತು. ಎಂಬಿಆರ್ ಪಟ್ಟಿಯಲ್ಲಿ ಡಿಸ್ಕಿನ ಎಡೆಗಳನ್ನು ಎಣಿಸಲು 32 ಬಿಟ್ಟುಗಳಷ್ಟೇ ಇದ್ದುದರಿಂದ, 512 ಬೈಟಿನ ಲೆಕ್ಕದಲ್ಲಿ ಸುಮಾರು 2 ಟೆರಾಬೈಟಿಗಿಂತ ಆಚೆಗೆ ಅದರ ಕಣ್ಣು ಹಾಯದು. ಹೊಸ ಪಟ್ಟಿಗೆ ಜಿಪಿಟಿ ಎಂದು ಹೆಸರು. ಮಾತಾಡುವ ಯಂತ್ರವೊಂದರ ಹೆಸರಿನಲ್ಲಿಯೂ ಇದೇ ಮೂರಕ್ಷರ ಇದೆಯಾದರೂ ಎರಡಕ್ಕೂ ನಂಟಿಲ್ಲ. ಈ ಕ್ರಮದಲ್ಲಿ ಡಿಸ್ಕಿನ ಒಂದು ಸಣ್ಣ ಭಾಗವನ್ನು ಬೇರೆಯಾಗಿ ತೆಗೆದು, ಎಬ್ಬಿಸುವ ಕಡತಗಳನ್ನು ಅಲ್ಲಿ ಇಟ್ಟಿರುತ್ತಾರೆ. ಹಳೆಯ ಕ್ರಮಕ್ಕೆ ಹೊಂದಿಸಿದ ಯಂತ್ರಕ್ಕೆ ಹೊಸ ಕ್ರಮದ ಡಿಸ್ಕನ್ನು ಕೊಟ್ಟರೆ, ಅಥವಾ ಅದರ ತಿರುವುಮುರುವಾದರೆ, ಎರಡೂ ಗಟ್ಟಿಯಾಗಿದ್ದರೂ ಕೂಡಿ ಬಾಳವು. ಬೆಳಗಾವಿಯಿಂದ ಖಾನಾಪುರದ ಮೇಲೆ ಲೋಂಡಾಕ್ಕೆ ಹೋಗುವ ರೈಲುಹಾದಿ ಮೀಟರ್‌ಗೇಜಿನದಾಗಿದ್ದು, 1990ರ ದಶಕದಲ್ಲಿ ಬ್ರಾಡ್‌ಗೇಜಾಯಿತು. ಗಾಲಿಯಲ್ಲಿ ದೋಷವಿಲ್ಲ, ಹಳಿಯಲ್ಲಿ ದೋಷವಿಲ್ಲ. ಅಳತೆ ಕೂಡದಿದ್ದರೆ ಗಾಡಿ ಓಡದು.

ಇನ್ನು ದೋಷವನ್ನು ಹುಡುಕುವ ಮಾರ್ಗ. ಆ ತರುಣನ ಕೈಗಳನ್ನು ನೋಡುತ್ತ ಕುಳಿತಾಗ ನನಗೆ ಕಂಡದ್ದು ಇಷ್ಟು: ಆತ ಊಹಿಸಲಿಲ್ಲ, ಯಂತ್ರವು ಏಳುವ ದಾರಿಯುದ್ದಕ್ಕೂ ಮೊದಲಿನಿಂದ ನಡೆದು, ಎಲ್ಲಿ ಹೆಜ್ಜೆ ನಿಂತಿದೆಯೆಂದು ನೋಡಿದ.

ಮೊದಲು ತೆರೆಯ ಮಾತನ್ನು ಓದಿದ. ತೆರೆಯೇ ಬೆಳಗದಿದ್ದರೆ ಡಿಸ್ಕನ್ನು ದೂರುವಂತಿಲ್ಲ. ಪೆಟ್ಟಿಗೆಯನ್ನು ತೆರೆದಾಗ ಸ್ಮೃತಿಯ ಪಟ್ಟಿಯೋ ತಂತಿಯೋ ಸಡಲಿರಬೇಕು. ಕಪ್ಪು ತೆರೆಯ ಮೇಲೆ ‘ಸಾಧನ ಸಿಗಲಿಲ್ಲ’ ಎಂದರೆ ಬಯೋಸು ಎಚ್ಚತ್ತಿದೆ, ಅದಕ್ಕೆ ಡಿಸ್ಕಿನ ಬಾಗಿಲು ಸಿಕ್ಕಿಲ್ಲ. ನೀಲಿ ತೆರೆ ಬಂದರೆ ಬಾಗಿಲು ಸಿಕ್ಕಿದೆ, ಒಳಗೆ ಕಾಲಿಟ್ಟ ಮೇಲೆ ಎಡವಿದೆ. ಮೂರೂ ಬೇರೆ ಬೇರೆ ರೋಗಗಳು; ಮೂರಕ್ಕೂ ಒಂದೇ ಮದ್ದು ಹೇಳುವವನು ವೈದ್ಯನಲ್ಲ.

ಎರಡನೆಯದಾಗಿ, ಬಯೋಸಿನ ಪುಟವನ್ನು ತೆರೆದು ಹೊಸ ಡಿಸ್ಕಿನ ಹೆಸರು ಅಲ್ಲಿದೆಯೇ ಎಂದು ನೋಡಿದ. ಹೆಸರೇ ಇಲ್ಲದಿದ್ದರೆ ತಂತಿಯನ್ನು, ಕೂಡಿಸಿದ ಎಡೆಯನ್ನು ಪರೀಕ್ಷಿಸಬೇಕು. ಎನ್‌ವಿಎಂಇ ಎಂಬ ಹೊಸ ಜಾತಿಯ ಡಿಸ್ಕುಗಳನ್ನು ಹಳೆಯ ಹಲವು ಯಂತ್ರಗಳು ಎಬ್ಬಿಸುವ ಸಾಧನವೆಂದು ಗುರುತಿಸಲಾರವು. ಕೊಳ್ಳುವ ಮೊದಲೇ ಕೇಳಿ ತಿಳಿಯುವುದು ಲೇಸು. ಗುರುಗಳ ಡಿಸ್ಕು ಸಾಟಾ ಜಾತಿಯದು. ಹೆಸರೂ ಗಾತ್ರವೂ ಸರಿಯಾಗಿ ಕಂಡವು. ಮೂರನೆಯದಾಗಿ ಸರದಿಯ ಪಟ್ಟಿ: ಹೊಸ ಡಿಸ್ಕೇ ಮೊದಲಿತ್ತು. ನಾಲ್ಕನೆಯದಾಗಿ ಕ್ರಮ: ಯಂತ್ರವೂ ಡಿಸ್ಕೂ ಎರಡೂ ಹಳೆಯ ಎಂಬಿಆರ್ ಕ್ರಮದವೇ. ಐದನೆಯದಾಗಿ, ಹೊಸದನ್ನು ಬಿಚ್ಚಿ ಹಳೆಯ ಡಿಸ್ಕನ್ನು ಮತ್ತೆ ಕೂಡಿಸಿದ. ಯಂತ್ರವು ನಿಧಾನವಾಗಿ, ಎಂದಿನಂತೆ ಎದ್ದು ನಿಂತಿತು. ಗುರುಗಳ ಮುಖದಲ್ಲಿ ಅದುವರೆಗೆ ಇಲ್ಲದ ಬಣ್ಣ ಬಂದಿತು. ಮದರ್‌ಬೋರ್ಡು ಸತ್ತಿತೆಂಬ ಪುಕಾರು ಅಲ್ಲಿಗೆ ಮುಗಿಯಿತು. ದೋಷವಿರುವುದು ನಕಲಿನಲ್ಲಿ ಎಂಬುದು ನಿಶ್ಚಯವಾಯಿತು.

ಕೊನೆಗೆ ಎರಡೂ ಡಿಸ್ಕುಗಳ ಭಾಗಗಳನ್ನು ಅಕ್ಕಪಕ್ಕದಲ್ಲಿ ತೆರೆದು ತೋರಿಸಿದ. ಹಳೆಯದರಲ್ಲಿ ಎರಡು ಭಾಗ: ಒಂದು ಬರಿಯ 100 ಮೆಗಾಬೈಟಿನದು, ಇನ್ನೊಂದು ಉಳಿದುದೆಲ್ಲ. ಹೊಸದರಲ್ಲಿ ಒಂದೇ. ಆ ಯಂತ್ರಕ್ಕೆ ಮೊದಲು ವಿಂಡೋಸ್ 7 ಹಾಕಿದ್ದಾಗ ಅದು ತನಗಾಗಿ ‘ಸಿಸ್ಟಮ್ ರಿಸರ್ವ್ಡ್’ ಎಂಬ ಈ ಪುಟ್ಟ ಕೋಣೆಯನ್ನು ಕಟ್ಟಿಕೊಂಡಿತ್ತು. ಎಬ್ಬಿಸುವ ಕಡತಗಳೆಲ್ಲ ಇದ್ದುದು ಅಲ್ಲಿ. ಹುಡುಗನು ಗುರುಗಳ ಬರಹವಿರುವ ದೊಡ್ಡ ಭಾಗವನ್ನು ಒಂದಕ್ಷರ ಬಿಡದೆ ನಕಲು ಮಾಡಿ, ಈ ಚಿಕ್ಕದನ್ನು ನಿರುಪಯೋಗಿಯೆಂದು ಬಿಟ್ಟಿದ್ದ. ಮನೆಯೆಲ್ಲ ಬಂದಿತ್ತು, ಬಾಗಿಲು ಹಿಂದುಳಿದಿತ್ತು.

ಹಳೆಯ ಡಿಸ್ಕು ಹಾಗೆಯೇ ಇದ್ದುದರಿಂದ ಚಿಕಿತ್ಸೆ ಸುಲಭವಾಯಿತು. ಭಾಗಗಳನ್ನು ಆರಿಸದೆ ಇಡೀ ಡಿಸ್ಕನ್ನೇ ಮೊದಲ ಬೈಟಿನಿಂದ ನಕಲು ಮಾಡಲು ಹಚ್ಚಿದ. ಹಳೆಯದು ಇಲ್ಲದ ಪಕ್ಷದಲ್ಲಿಯೂ, ವಿಂಡೋಸಿನ ಸ್ಥಾಪನಾ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಎಬ್ಬಿಸುವ ಕಡತಗಳನ್ನು ಹೊಸದಾಗಿ ಬರೆಯಿಸುವ ಆಜ್ಞೆಗಳಿವೆ. ಏನೂ ಕೂಡದಿದ್ದರೆ ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸನ್ನು ತೆರೆದು, ಡಿಸ್ಕಿಗೆ ಏನನ್ನೂ ಬರೆಯದೆ, ಬರಹಗಳನ್ನು ಬೇರೆಡೆಗೆ ತೆಗೆದುಕೊಳ್ಳಬಹುದು. ‘ಅಳಿಸಿ ಹೊಸದಾಗಿ ಹಾಕುವುದು’ ಎಲ್ಲಕ್ಕೂ ಕೊನೆಯ ಮಾತು, ಮೊದಲ ಮಾತಲ್ಲ. ಸಂಜೆಗೆ ನಕಲು ಮುಗಿಯಿತು. ಹಳೆಯ ಡಿಸ್ಕನ್ನು ಬಿಚ್ಚಿಟ್ಟ ಮೇಲೆಯೇ ಆ ತರುಣ ಗುಂಡಿ ಒತ್ತಿದ. ಎರಡೂ ಇದ್ದರೆ ಯಂತ್ರವು ಹಳೆಯದರ ಬಾಗಿಲಿನಿಂದ ಎದ್ದು, ಹೊಸದರಿಂದಲೇ ಎದ್ದಂತೆ ಭ್ರಮೆ ಹುಟ್ಟಿಸುತ್ತದೆಯಂತೆ. ಈ ಸಲ ಯಂತ್ರ ಎದ್ದಿತು, ಬೇಗನೆ ಎದ್ದಿತು.

ವ್ಯಾಕರಣವನ್ನು ಕಲಿಸುವ ನನ್ನಂಥವನಿಗೆ ಇದೆಲ್ಲ ಸಂಧಿಕಾರ್ಯದಂತೆ ಕಂಡರೆ ವಾಚಕರು ಕ್ಷಮಿಸಬೇಕು. ಹಳೆಯ ಯಂತ್ರ ಪೂರ್ವಪದ, ಹೊಸ ಡಿಸ್ಕು ಉತ್ತರಪದ. ಎರಡೂ ಕೂಡುವೆಡೆಯಲ್ಲಿ ಹುಟ್ಟುವ ತೊಡಕುಗಳು ಲೋಪ, ಆಗಮ, ಆದೇಶಗಳೆಂದು ಮೂರೇ ಬಗೆ. ಇರತಕ್ಕ ಭಾಗ ಬಿಟ್ಟುಹೋದರೆ ಲೋಪ. ಗುರುಗಳ ಯಂತ್ರಕ್ಕೆ ಆದದ್ದು ಅದು. ಮರೆತು ಬಿಟ್ಟ ಪೆನ್‌ಡ್ರೈವು ನಡುವೆ ಬಂದು ನಿಂತು, ಯಂತ್ರವು ಅದರ ಬಾಗಿಲನ್ನೇ ತಟ್ಟುತ್ತಿದ್ದರೆ ಆಗಮ. ಒಂದರ ಎಡೆಯಲ್ಲಿ ಇನ್ನೊಂದು ಬಂದರೆ ಆದೇಶ: ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ಬಿಲ್ಲೆಯಂಥ ಬ್ಯಾಟರಿ ಬರಿದಾಗಿ, ಹಳೆಯ ಯಂತ್ರವು ತನ್ನ ನಿಶ್ಚಿತ ಕ್ರಮವನ್ನು ಮರೆತು ಬೇರೊಂದನ್ನು ಹಿಡಿಯುವುದು ಇದಕ್ಕೆ ಉದಾಹರಣೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಸಂಗತಿಯಿದೆ. ಬಿಟ್‌ಲಾಕರ್ ಎಂಬ ಬೀಗ ಹಾಕಿರುವ ಡಿಸ್ಕು, ಯಂತ್ರದ ವ್ಯವಸ್ಥೆ ಬದಲಾದುದನ್ನು ಕಂಡೊಡನೆ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಎಲ್ಲಿಯೂ ಉಳಿಸಿಡದವರಿಗೆ ಯಾವ ರಿಪೇರಿಗಾರನೂ ಸಹಾಯ ಮಾಡಲಾರ.

ಯಂತ್ರವೇನೋ ಎದ್ದಿತು. ಆದರೆ ಏಳುವುದು ಬೇರೆ, ಓದುವುದು ಬೇರೆ. ಗುರುಗಳ ಕಡತವೊಂದನ್ನು ಪಕ್ಕದ ಇನ್ನೊಂದು ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡಿತು. ಹಳೆಯ ನುಡಿ, ಬರಹಗಳ ಕಾಲದ ಅಕ್ಷರಗಳು ಹಾಗೆಯೇ. ರೋಮನ್ ಸಂಕೇತಗಳ ಮೇಲೆ ಕನ್ನಡದ ವೇಷ ತೊಡಿಸಿದವು. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಆದ ಮನೆಯಿದೆ. ಹಳೆಯ ಬರಹವನ್ನು ಅದಕ್ಕೆ ಒಯ್ಯುವ ಪರಿವರ್ತಕಗಳೂ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ತಿದ್ದಬೇಕಾದೀತು. ಆ ಕೆಲಸ ಯಂತ್ರದ್ದಲ್ಲ, ಭಾಷೆ ಬಲ್ಲವರದು.

ಹಲಸಿಯ ತಾಮ್ರಪಟಗಳು ಸಾವಿರಕ್ಕೂ ಹೆಚ್ಚು ವರುಷ ಮಣ್ಣಿನಲ್ಲಿದ್ದೂ ಮಾತಾಡಿದವು. ಕರೆಂಟಿಲ್ಲದೆ ಪೆಟ್ಟಿಗೆಯಲ್ಲಿ ವರುಷಗಟ್ಟಲೆ ಇಟ್ಟ ಎಸ್‌ಎಸ್‌ಡಿ ತನ್ನೊಳಗಿನ ವಿದ್ಯುದಂಶವನ್ನು ಮೆಲ್ಲನೆ ಕಳೆದುಕೊಂಡು ಮರೆವಿಗೆ ಸಂದೀತು. ಹಾಗೆಂದು ನಾವು ತಾಮ್ರಕ್ಕೆ ಮರಳಲಾರೆವು. ನಮ್ಮ ಹಿರಿಯರು ತಾಳೆಗರಿಯ ಅಲ್ಪಾಯುಷ್ಯವನ್ನು ಬಲ್ಲವರಾಗಿದ್ದರು; ಅದಕ್ಕೆ ಅವರು ಕಂಡುಕೊಂಡ ಉಪಾಯ ಪ್ರತಿ ಮಾಡಿಸುವುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿಯೇ ಈ ತತ್ತ್ವವನ್ನು ಆಚರಿಸಿ ತೋರಿದಳು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕೂಡಿಸಿದ ವಚನಗಳು ‘ವಚನಶಾಸ್ತ್ರಸಾರ’ವಾಗಿ 1923ರಲ್ಲಿ ಅಚ್ಚಾದುದು ಇದೇ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಒಂದೇ ಕಟ್ಟಿನಲ್ಲಿ, ಒಂದೇ ಮನೆಯ ಅಟ್ಟದ ಮೇಲೆ ಉಳಿದಿದ್ದ ಮಾತು ಅಚ್ಚಾದೊಡನೆ ನೂರು ಮನೆಗಳಲ್ಲಿ ಬದುಕಿತು. ಇಂದಿನ ತಂತ್ರಜ್ಞರು ಹೇಳುವ ಸೂತ್ರವೂ ಅದೇ: ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳ ಮೇಲಿರಲಿ, ಒಂದು ಬೇರೆ ಊರಿನಲ್ಲಿರಲಿ.

ಬೆಳಗಾವಿಯು 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ. ಗಣಕವಿಜ್ಞಾನವನ್ನು ಓದುವ ತರುಣ ತರುಣಿಯರಿಗೆ ಇಲ್ಲಿ ಕೊರತೆಯಿಲ್ಲ; ಕನ್ನಡ ಎಂ.ಎ. ಓದುವವರಿಗೂ ಕೊರತೆಯಿಲ್ಲ. ಇವರಿಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗುವುದು ಮಾತ್ರ ವಿರಳ. ಖಾನಾಪುರ, ಬೈಲಹೊಂಗಲ, ಸವದತ್ತಿ, ಗೋಕಾಕಗಳ ಹಳ್ಳಿಗಳಲ್ಲಿ ಹಾಡು, ಗಾದೆ, ಊರ ಹೆಸರುಗಳನ್ನು ಕೂಡಿಸಿಟ್ಟ ನಿವೃತ್ತ ಶಿಕ್ಷಕರ ಮನೆಗಳಲ್ಲಿ ಮುದಿಯಂತ್ರಗಳು ಇನ್ನೂ ಉಸಿರಾಡುತ್ತಿವೆ. ರಜೆಯ ಒಂದು ವಾರ ಇಬ್ಬಿಬ್ಬರು ಜೊತೆಯಾಗಿ ಹೋಗಲಿ. ಒಬ್ಬರು ಡಿಸ್ಕನ್ನು ಇಡಿಯಾಗಿ ನಕಲು ಮಾಡಲಿ, ಇನ್ನೊಬ್ಬರು ಅದರಲ್ಲಿರುವ ಕನ್ನಡವನ್ನು ಯೂನಿಕೋಡಿಗೆ ತಂದು ತಿದ್ದಲಿ. ಯಂತ್ರವು ಏಳದ ದಿನಕ್ಕಾಗಿ ಕಾಯುವುದು ಬೇಡ. ಅದು ಏಳುತ್ತಿರುವಾಗಲೇ ಮಾಡತಕ್ಕ ಕೆಲಸವಿದು.